ಮಗ್ಗದ ಮಗ್ಗುಲಿಗೆ ಗಿಟಾರು

“ಇನ್ನಷ್ಟು ಏರಿಸ್ಲೇನ್ರಿ ಅಕ್ಕೋರ?” ಬುಡ್ಡೇಸಾಬ ಆಂಪ್ಲಿಫೈಯರಿನ ಗುಂಡಿಯ ಮೇಲೆ ಕೈಯಿಟ್ಟು ಮತ್ತೆ ಕೇಳಿದ.

“ಏರಸಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ?” ಕಾಂಚನಾ ಗಿಟಾರನ್ನು ತೊಡೆಯ ಮೇಲಿಂದೆತ್ತಿ ಮಂಚಕ್ಕೆ ಒರಗಿಸಿದಳು. “ನನಗ ಜೋರು ಬ್ಯಾಡ. ಜಾಝ್ ಬಾರಸಾಕ ಸ್ವರ ದುಂಡಗ ಇರಬೇಕು, ಒಡೀಬಾರ್ದು. ಅಷ್ಟರೆ ಕೇಳಿ ನೋಡೂಣು ಅಂದ್ರ, ಈ ಮಗ್ಗ!”

ಬೆಟಗೇರಿಯ ಆ ಓಣಿಯಲ್ಲಿ ಕಾಂಚನಾಳ ಕೋಣೆಗೂ ರಾಮವ್ವನ ಕರೆಂಟಿನ ಮಗ್ಗಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಖಟಕ್ ಖಟಕ್ ಎನ್ನುವ ಸಪ್ಪಳಕ್ಕೆ ಗೋಡೆಯ ಕನ್ನಡಿ ಕೂಡ ಸಣ್ಣಗೆ ನಡುಗುತ್ತಿತ್ತು. ಗದಗಿನ ತನ್ನ ಅಂಗಡಿಯಲ್ಲಿ ಬುಡ್ಡೇಸಾಬ ಈ ಮೊದಲು ತೋರಿಸಿದ್ದ ಆಂಪ್ಲಿಫೈಯರುಗಳೆಲ್ಲ ಮದುವೆ ಮೆರವಣಿಗೆಗೆ ಹೇಳಿ ಮಾಡಿಸಿದಂಥವು. ಒಂದಕ್ಕೆ ಬಣ್ಣದ ದೀಪ, ಇನ್ನೊಂದಕ್ಕೆ ಗಿಟಾರಿನ ತಂತಿ ಮುಟ್ಟಿದರೆ ಸಾಕು, ಟ್ರ್ಯಾಕ್ಟರ್ ಏರು ಹತ್ತಿದ ಹಾಗೆ ಘರ್ ಎನ್ನುವ ದನಿ. ಅವಳು ಪ್ರತಿ ಸಲವೂ ತಲೆ ಅಲ್ಲಾಡಿಸಿ ಬರಿಗೈಯಲ್ಲಿ ಬಂದಿದ್ದಳು. ಕೊನೆಗೆ ಬೇಸತ್ತು ಬುಡ್ಡೇಸಾಬನೇ, ಅವಳ ಕೈಗೆಟುಕುವ ಎರಡು ಸಣ್ಣವನ್ನು ಬೈಕಿಗೆ ಕಟ್ಟಿಕೊಂಡು ಈ ಶನಿವಾರ ಮನೆಗೇ ಬಂದಿದ್ದ.

ಕೊಳ್ಳುವುದನ್ನು ಇನ್ನು ಮುಂದೂಡುವಂತೆಯೂ ಇರಲಿಲ್ಲ. ಕಾಂಚನಾ ಲಕ್ಷ್ಮೇಶ್ವರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಬಿಡುವಿದ್ದಾಗ ಧಾರವಾಡಕ್ಕೆ ಹೋಗಿ ಇಬ್ಬರು ಗೆಳೆಯರ ಜೊತೆ ಜಾಝ್ ನುಡಿಸುತ್ತಿದ್ದಳು. ಹಿಂದಿನ ಕಾರ್ಯಕ್ರಮದಲ್ಲಿ ಸ್ಯಾಕ್ಸೊಫೋನು, ಡ್ರಮ್ಮಿನ ನಡುವೆ ಅವಳ ಗಿಟಾರು ಯಾರ ಕಿವಿಗೂ ಬಿದ್ದಿರಲಿಲ್ಲ. “ನಿಂದ ಅಂತ ಒಂದು ಆಂಪ್ ತಗೊಂಡು ಬಾ, ಇಲ್ಲಂದ್ರ ಸುಮ್ನ ಕೇಳಾಕ ಬಾ” ಎಂದಿದ್ದ ಸ್ಯಾಕ್ಸೊಫೋನಿನವನು. ಮುಂದಿನ ಕಾರ್ಯಕ್ರಮ ಬರುವ ವಾರವೇ ಇತ್ತು.

ತಂದಿದ್ದ ಎರಡರಲ್ಲಿ ಒಂದು ಕರೆಂಟಿನದು, ಇನ್ನೊಂದು ಬ್ಯಾಟರಿಯದು. ಕರೆಂಟಿನದರ ಸ್ಪೀಕರಿಗೆ ಕಿವಿ ಹಚ್ಚಿ ಕೂತರೆ ಅವಳು ಹುಡುಕುತ್ತಿದ್ದ ಸ್ವರವೇ ಕೇಳಿದಂತಾಗುತ್ತಿತ್ತು. ಅಷ್ಟರಲ್ಲಿ ಮಗ್ಗ ಅದನ್ನು ನುಂಗಿಬಿಡುತ್ತಿತ್ತು. ಕಾಂಚನಾ ಧಡಕ್ಕನೆ ಎದ್ದು ಪಕ್ಕದ ಮನೆಗೆ ಹೋದಳು.

“ರಾಮವ್ವಕ್ಕಾ, ಒಂಚೂರು ಮಗ್ಗ ನಿಲ್ಲಸ್ತೀರೇನ್ರಿ?”

“ಏನಂದಿ?”

“ಮಗ್ಗ! ಮಗ್ಗ ನಿಲ್ಲಸ್ರಿ!”

“ಸೀರಿ ಸೋಮವಾರ ಕೊಡೂದೈತಿ” ಎಂದು ರಾಮವ್ವ ಹರಿದ ಎಳೆಯನ್ನು ಗಂಟು ಹಾಕುತ್ತಲೇ ಕೂಗಿದಳು. “ನೀ ಬಾರಸ್ತೀ ಅಂತ ನಾ ಕೆಲಸ ಬಿಟ್ಟು ಕುಂಡ್ರಲೇನು?”

“ದಿನಾ ಈ ಸಪ್ಪಳ ತಡಕೊಂಡು ಕುಂಡ್ರತೀನಲ್ರಿ ನಾನು!”

“ಮತ್ತ ನಾ ಎಲ್ಲಿ ಕುಂತೀನಿ? ಗುಡಿಯಾಗ ಕುಂತೀನೇನು?”

ಕಾಂಚನಾ ಕಾಲು ಅಪ್ಪಳಿಸುತ್ತ ಮರಳಿ ಬಂದಳು. ಗಿಟಾರನ್ನು ಎತ್ತಿಕೊಳ್ಳುತ್ತಿದ್ದಂತೆ ಮಗ್ಗ ತಟ್ಟನೆ ನಿಂತಿತು. ಓಣಿಯ ತುದಿಯಲ್ಲಿ ಯಾರೋ ಕೊಡ ಇಳಿಸಿದ್ದು ಕೂಡ ಕೇಳುವಷ್ಟು ನಿಶ್ಶಬ್ದ. ಅವಳು ಆತುರದಿಂದ ತಂತಿ ಮೀಟಿದಳು. ಆಂಪ್ಲಿಫೈಯರ್ ಸುಮ್ಮನಿತ್ತು. ಅದರ ಕೆಂಪು ದೀಪವೂ ಆರಿತ್ತು.

“ಕರೆಂಟ್ ಹೋತ್ರಿ” ಎಂದ ಬುಡ್ಡೇಸಾಬ.

“ಮಗ್ಗ ನಡದ್ರ ಇದು ಕೇಳ್ಸೂದಿಲ್ಲ, ಮಗ್ಗ ನಿಂತ್ರ ಇದೂ ನಿಲ್ತೈತಿ! ಏನ್ ಮಾಡ್ಲಿ ನಾನು?”

“ಅದಕ್ಕಽ ಬ್ಯಾಟರೀದು ಇಟ್ಗೋರಿ ಅನ್ನಾಕತ್ತೀನಿ. ನೀವು ಎಲ್ಲಿ ಕೇಳ್ತೀರಿ?”

ಅವಳು ಒಲ್ಲದ ಮನಸ್ಸಿನಿಂದಲೇ ವೈರನ್ನು ಬ್ಯಾಟರಿಯದಕ್ಕೆ ಸಿಕ್ಕಿಸಿದಳು. ಮೊದಲ ಸ್ವರ ತಗಡು ಬಡಿದಂತೆ ಬಂತು. ಒಂದು ಗುಂಡಿ ಇಳಿಸಿ ಇನ್ನೊಂದನ್ನು ತುಸು ಏರಿಸಿದಳು. ಈಗ ಅಡ್ಡಿಯಿಲ್ಲ ಎನಿಸಿತು. ನಿಧಾನದ ಒಂದು ಧಾಟಿ ಹಿಡಿದಳು. ಹೆಬ್ಬೆರಳಿನ ಕೆಳಗೆ ಸ್ವರಗಳು ಒಂದರ ಬೆನ್ನಿಗೊಂದು ಅವಸರವಿಲ್ಲದೆ ಹೊರಟವು. ತಾನು ನುಡಿಸಿದ್ದು ಈ ಕೋಣೆಯಲ್ಲಿ ತನಗೇ ಪೂರ್ತಿ ಕೇಳುತ್ತಿರುವುದು ಇದೇ ಮೊದಲು ಎಂದುಕೊಂಡಳು. ಬೆಳಗಿನಿಂದ ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. ಕರೆಂಟು ದಿನವೂ ಹೋಗುತ್ತದೆ. ಇನ್ನು ಮೇಲೆ ಆ ಹೊತ್ತೆಲ್ಲ ತನ್ನದು.

ಬಾಗಿಲಲ್ಲಿ ರಾಮವ್ವ ನಿಂತಿದ್ದಳು. ತಲೆಗೂದಲಿಗೆಲ್ಲ ನೂಲಿನ ಧೂಳು.

“ಇದಕ್ಕ ಕರೆಂಟ್ ಬೇಕಾಗಿಲ್ಲೇನು ತಂಗಿ?”

“ಬ್ಯಾಡ್ರಿ ಅಕ್ಕಾ. ಬ್ಯಾಟರೀ ಮ್ಯಾಲೆ ನಡೀತೈತಿ” ಎಂದಳು ಕಾಂಚನಾ, ನುಡಿಸುವುದನ್ನು ನಿಲ್ಲಿಸದೆ.

ರಾಮವ್ವನ ಮುಖ ಇಳಿಯಿತು. “ಹಂಗಾರ ಇನ್ನ ಕರೆಂಟ್ ಹೋದಾಗೂ ಸಪ್ಪಳ ಇದ್ದಽ ಇರ್ತೈತಿ ಅನ್ನು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅದೊಂದು ಹೊತ್ತು ಕಿವಿಗೆ ಆರಾಮ ಇತ್ತು ನೋಡು.”

ಅಷ್ಟು ಹೇಳಿ ಅವಳು ಹೊರಗಿನ ಕಟ್ಟೆಯತ್ತ ನಡೆದಳು. ಇಷ್ಟು ವರ್ಷ ನಿಮ್ಮ ಸಪ್ಪಳ ನಾನು ಕೇಳಲಿಲ್ಲವೇ ಎನ್ನುವ ಮಾತು ಕಾಂಚನಾಳ ನಾಲಿಗೆಯ ತುದಿಗೆ ಬಂತು. ಕೇಳುವವರು ಅಲ್ಲಿರಲಿಲ್ಲ. ಅದೇ ಧಾಟಿಯನ್ನು ಹಟಕ್ಕೆ ಬಿದ್ದು ಮತ್ತೊಮ್ಮೆ ನುಡಿಸಿದಳು. ಬೆರಳು ತಡವರಿಸಿತು. ಥತ್ ಎಂದು ವೈರು ಕಿತ್ತಳು.

“ಯಾಕ್ರಿ, ಚಲೋ ಬರಾಕತ್ತಿತ್ತಲ್ಲ!” ಎಂದ ಬುಡ್ಡೇಸಾಬ.

“ಇದನ್ನ ಒಯ್ರಿ. ಕರೆಂಟಿಂದು ಬಿಟ್ಟು ಹೋಗ್ರಿ.”

“ಕರೆಂಟ್ ಹೋದ್ರ ಅದು ಬಾಯಿ ಬಿಡೂದಿಲ್ಲಲ್ರಿ ಅಕ್ಕೋರ!”

“ಗೊತ್ತೈತ್ರಿ. ಸಣ್ಣಗ ಮಾತಾಡ್ರಿ” ಎಂದಳು ಕಾಂಚನಾ, ಹಲ್ಲು ಕಚ್ಚಿ.

ಬುಡ್ಡೇಸಾಬ ಗೊಣಗುತ್ತ ಬ್ಯಾಟರಿಯದನ್ನು ಹೊತ್ತು ಹೊಸ್ತಿಲು ದಾಟಿದವನು ಅಲ್ಲೇ ನಿಂತುಬಿಟ್ಟ. ಅವನ ಹಿಂದೆಯೇ ಬಂದ ಕಾಂಚನಾ ಇಣುಕಿ ನೋಡಿದಳು. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಲ್ಲೇ ರಾಮವ್ವನಿಗೆ ನಿದ್ದೆ ಹತ್ತಿತ್ತು. ಮಡಿಲಲ್ಲಿ ತೆರೆದುಬಿದ್ದ ಅಂಗೈಯಲ್ಲಿ, ಕಿವಿಯಿಂದ ಆಗಷ್ಟೇ ತೆಗೆದಿಟ್ಟುಕೊಂಡಿದ್ದ ಹತ್ತಿಯ ಎರಡು ಉಂಡೆಗಳಿದ್ದವು.