ಅಧ್ಯಕ್ಷರ ಪಾಳಿ

“ನನ್ನ ಸೀರಿ ಡಿಸೈನ್ ಮೊದಲ ಬಿಡವ್ವಾ, ವ್ಯಾಪಾರಿ ಕಾಯಾಕತ್ತಾನ,” ಎಂದು ನೇಕಾರರ ಸಂಘದ ಅಧ್ಯಕ್ಷ ಬಸವಂತ ಮಗಳು ಅನುರಾಧಾಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ಇಳಕಲ್ಲಿನ ಆ ಸಂಘಕ್ಕೆ ಇದ್ದದ್ದು ಒಂದೇ ಕಂಪ್ಯೂಟರು. ಎಲ್ಲರ ಡಿಸೈನೂ ಒಟ್ಟಿಗೆ ನುಗ್ಗಿ ಅದು ದಿನಾ ಕೈಕೊಡುತ್ತಿತ್ತು. ಕೆಲಸಗಳಿಗೆ ಪಾಳಿ ಹಚ್ಚುವ ಪ್ರೋಗ್ರಾಮನ್ನು ಅನುರಾಧಾ ತಾನೇ ಬರೆದು ಇವತ್ತು ಶುರು ಮಾಡಿದ್ದಳು.

ಅವಳು ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಅಪ್ಪಾ, ಮುಂದ ಕುಂತ ರತ್ನವ್ವನ ಸೆರಗಿನ ಡಿಸೈನ್ ಸಣ್ಣ ಕೆಲಸ, ಮೊದಲ ಮುಗಿತೈತಿ. ನಿಂದೂ ನಿಲ್ಲಂಗಿಲ್ಲ, ನಡುನಡುವ ನಡದಿರತೈತಿ. ಅಧ್ಯಕ್ಷಗ ಅಂತ ಬ್ಯಾರೆ ದಾರಿ ಇದರಾಗ ಇಟ್ಟಿಲ್ಲ.”

ಕೋಣೆಯಲ್ಲಿದ್ದವರೆಲ್ಲ ಬಸವಂತನ ಮುಖ ನೋಡಿದರು. ಪರದೆಯ ಮೇಲೆ ಎಲ್ಲರ ಕೆಲಸಗಳೂ ಎಲ್ಲಿಯೂ ತಡೆಯದೆ ಸಾಗುತ್ತಿದ್ದವು. ಅವನು ಕುರ್ಚಿ ಎಳೆದುಕೊಂಡು ರತ್ನವ್ವನ ಹಿಂದೆ ಕುಳಿತ. “ಇದನ್ನ ಬರದಾಕಿ ನನ್ನ ಮಗಳರಿ,” ಎಂದು ಬಾಗಿಲಲ್ಲಿ ಕಾಯುತ್ತಿದ್ದ ವ್ಯಾಪಾರಿಗೆ ಎಲ್ಲರಿಗೂ ಕೇಳುವಂತೆ ಹೇಳಿದ. “ನಾನೂ ಪಾಳಿ ಕಾಯ್ತೇನಿ, ನೀವೂ ಕುಂದರ್ರಿ.”