ಕಪ್ಪು ಗಾಜು

“ಎರಡೂ ಎನ್‌ಡಿ ಸಾವಿರ, ಎರಡೂ ಒಂದೇ ಕಪ್ಪು. ಕಣ್ಣು ಮುಚ್ಕೊಂಡು ಯಾವುದಾದ್ರೂ ತಗೊಳ್ಳಿ ಮೇಡಂ,” ಎಂದು ಕ್ಯಾಮೆರಾ ಅಂಗಡಿಯವನು ಎರಡು ಫಿಲ್ಟರುಗಳನ್ನು ಕೌಂಟರಿನ ಮೇಲಿಟ್ಟ. ಬಳೆಯಗಲದ ಲೋಹದ ಚೌಕಟ್ಟು, ನಡುವೆ ಕಪ್ಪು ಗಾಜು. ಒಂದಕ್ಕೆ ಮಖಮಲ್ಲಿನ ಡಬ್ಬಿ, ಇನ್ನೊಂದಕ್ಕೆ ಬರೀ ಕಾಗದದ ಲಕೋಟೆ.

ಕಣ್ಣು ಮುಚ್ಚಿಕೊಂಡು ಆರಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕುಡಿಯುವ ನೀರಿನ ಕಚೇರಿಯವರ ಪುಸ್ತಕಕ್ಕೆ ಮುಖಪುಟದ ಚಿತ್ರ ತೆಗೆಯಬೇಕಿತ್ತು. ಅಣೆಕಟ್ಟೆಯಿಂದ ಧುಮುಕುವ ನೀರು ರೇಷ್ಮೆಯಂತೆ ನಯವಾಗಿ ಬರಬೇಕಾದರೆ ಕ್ಯಾಮೆರಾದ ಕಣ್ಣನ್ನು ಅರ್ಧ ನಿಮಿಷವಾದರೂ ತೆರೆದಿಡಬೇಕು. ಅಷ್ಟು ಹೊತ್ತು ನಡುಹಗಲಿನ ಬೆಳಕನ್ನು ತಡೆಯಲು ಲೆನ್ಸಿನ ಮುಂದೆ, ಸಾವಿರದಲ್ಲೊಂದು ಪಾಲನ್ನಷ್ಟೇ ಒಳಬಿಡುವ ಇಂಥದೊಂದು ಗಾಜು ಬೇಕು. ಕಳೆದ ವಾರ ಅವಳು ಜಾಣತನ ಮಾಡಲು ಹೋಗಿ, ಅಪ್ಪನ ಹಳೆಯ ವೆಲ್ಡಿಂಗ್ ಗಾಜನ್ನೇ ರಬ್ಬರ್ ಬ್ಯಾಂಡಿನಿಂದ ಲೆನ್ಸಿಗೆ ಬಿಗಿದಿದ್ದಳು. ನೀರೇನೋ ನಯವಾಗಿ ಬಂತು, ಆದರೆ ಹಸಿರಾಗಿ ಬಂತು. ಕಂಪ್ಯೂಟರಿನಲ್ಲಿ ಹಸಿರು ತೆಗೆಯಲು ಹೋದರೆ ನೇರಳೆಯಾಯಿತು. “ಇದನ್ನ ನೋಡಿದ್ಮೇಲೆ ಜನ ನಲ್ಲಿ ತಿರುಗಿಸ್ತಾರೇನಮ್ಮ?” ಎಂದು ಅಧಿಕಾರಿ ಕೇಳಿದ್ದರು. ನಾಳೆ ಮಧ್ಯಾಹ್ನ ಇನ್ನೊಮ್ಮೆ ನೀರು ಬಿಡುತ್ತಾರೆ. ಆಗಲೂ ಕೆಟ್ಟರೆ ಕೆಲಸ ಬೇರೆಯವರ ಪಾಲು.

ಅವಳು ಡಬ್ಬಿಯದಕ್ಕೆ ಕೈ ಹಾಕಿದಳು. ಅಷ್ಟರಲ್ಲಿ, ಪಕ್ಕದ ಅಂಗಡಿಯಲ್ಲಿ ಕನ್ನಡಕದ ಕಡ್ಡಿ ಸರಿಮಾಡಿಸಲೆಂದು ಜೊತೆಗೆ ಬಂದು ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಎದ್ದ. “ಸ್ವಲ್ಪ ತಡಿ. ಎರಡನ್ನೂ ತಗೊಂಡು ಬಿಸಿಲಿಗೆ ಬಾ.”

ಬಾಗಿಲ ಮೆಟ್ಟಿಲ ಮೇಲೆ ಅವಳು ಒಂದು ಫಿಲ್ಟರನ್ನು ಕಣ್ಣಿಗೆ ಹಿಡಿದು ಸೂರ್ಯನತ್ತ ಮುಖ ಎತ್ತಿದಳೋ ಇಲ್ಲವೋ, ಅಪ್ಪ ಫಟ್ಟನೆ ಅವಳ ಕೈ ಕೆಳಗಿಳಿಸಿದ.

“ಸೂರ್ಯನ್ನ ನೋಡ್ಬೇಡ! ನನ್ನ ಗಾಜು ಕಣ್ಣಿಗೆ ಅಂತ ಮಾಡಿದ್ದು. ಇದು ಕ್ಯಾಮೆರಾಗೆ ಮಾಡಿದ್ದು. ಎಷ್ಟು ಸಲ ಹೇಳ್ಬೇಕು ನಿನಗೆ, ಕಣ್ಣು ಅಂದ್ರೆ ಆಟ ಅಲ್ಲ.”

ಎಷ್ಟು ಸಲ ಹೇಳಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ದಿನಾ ಮಧ್ಯಾಹ್ನ ಅಪ್ಪನ ಶೆಡ್ಡಿಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಕೈಗೆತ್ತಿಕೊಂಡ ಬೆಸುಗೆ ಮುಗಿಯದೆ ಅವನು ಊಟಕ್ಕೆ ಏಳುವವನಲ್ಲ. ಮುಖಕ್ಕೆ ಮುಖವಾಡ ಇಳಿಸುವ ಮೊದಲು “ಗೋಡೆ!” ಎಂದು ಕೂಗುತ್ತಿದ್ದ. ಅಷ್ಟೇ, ಬೇರೆ ಮಾತಿಲ್ಲ. ಅವಳು ತಕ್ಷಣ ಗೋಡೆಗೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಚರಚರ ಸದ್ದು ನಿಲ್ಲುವವರೆಗೂ ನಿಲ್ಲಬೇಕು. ಜೊತೆಯವರೆಲ್ಲ ಅವಳನ್ನು ಗೋಡೆ ಗೌರಮ್ಮ ಎಂದು ಆಡಿಕೊಳ್ಳುತ್ತಿದ್ದರು. ಅಪ್ಪನ ಎಡಗಣ್ಣಿನಲ್ಲಿ ಈಗ ಸದಾ ನೀರು. ಅವಳ ಎರಡು ಕಣ್ಣೂ ಚೊಕ್ಕ, ಅವುಗಳಿಂದಲೇ ಅವಳ ಬದುಕು. ಎಂದಾದರೂ ಅಪ್ಪನಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದೇನೆಯೇ ಎಂದು ಯೋಚಿಸಿದಳು. ಹೇಳಿರಲಿಲ್ಲ.

ಅಪ್ಪ ಅಂಗಡಿಯವನಿಂದ ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು ಮೆಟ್ಟಿಲ ಬಿಸಿಲಿನಲ್ಲಿ ಹರಡಿದ. ಸೂರ್ಯನಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಬಲಗಣ್ಣಿಗೆ ಒಂದೊಂದೇ ಫಿಲ್ಟರ್ ಹಿಡಿದು ಹಾಳೆಯನ್ನು ನೋಡಿದ. ಅವಸರವೇ ಇಲ್ಲ. ಅಂಗಡಿಯವನು ಅವಳತ್ತ ನೋಡಿ ಮೀಸೆಯೊಳಗೇ ನಕ್ಕ.

“ಡಬ್ಬೀದ್ರಲ್ಲಿ ಕೆಂಪು ಇದೆ,” ಎಂದ ಅಪ್ಪ. “ಹಾಳೆ ಟೀ ಚೆಲ್ಲಿದ ಹಾಗೆ ಕಾಣ್ತಿದೆ. ಲಕೋಟೇದ್ರಲ್ಲಿ ಹಾಳೆ ಹಾಳೆ ಥರಾನೇ ಇದೆ, ಬೆಳಕು ಮಾತ್ರ ಕಮ್ಮಿ. ಸ್ವಂತ ಬಣ್ಣ ಇಲ್ಲದ ಕಪ್ಪು ಅಂದ್ರೆ ಇದು.”

“ಬರಿಗಣ್ಣಿಗೆ ಹೇಗ್ರೀ ಗೊತ್ತಾಗುತ್ತೆ ಯಜಮಾನ್ರೇ?”

“ಮೂವತ್ತೆರಡು ವರ್ಷ ಕಪ್ಪು ಗಾಜಿನ ಹಿಂದೇನೇ ಇದ್ದೆ. ಬೇಕಾದ್ರೆ ಕ್ಯಾಮೆರಾನೇ ಕೇಳಿ.”

ಅವಳು ಕ್ಯಾಮೆರಾವನ್ನೇ ಕೇಳಿದಳು. ಅದೇ ಹಾಳೆ, ಅದೇ ಬಿಸಿಲು, ಎರಡು ಚಿತ್ರ. ಮೊದಲನೆಯದು ಕಂದುಗೆಂಪು. ಎರಡನೆಯದು ಅಚ್ಚ ಬಿಳಿ. ಅಂಗಡಿಯವನ ನಗೆ ಮೀಸೆಯೊಳಗೇ ಉಳಿಯಿತು. ಡಬ್ಬಿಯನ್ನು ಅವನು ತೆಪ್ಪಗೆ ಒಳಗಿಟ್ಟ.

ಲಕೋಟೆ ಹಿಡಿದು ಹೊರಬಂದಾಗ ಅವಳ ಎದೆ ಹಗುರವಾಗಿತ್ತು. ನಾಳಿನ ನೀರು ನೀರಿನ ಬಣ್ಣದಲ್ಲೇ ಬರುತ್ತದೆ. “ಅಪ್ಪಾ, ನೀನಿಲ್ದೇ ಹೋಗಿದ್ರೆ...” ಎಂದು ಶುರುಮಾಡಿದಳು.

“ಅದಿರ್ಲಿ, ಆ ಗಾಜು ಇನ್ನೊಂದ್ಸಲ ಕೊಡು,” ಎಂದು ಅಪ್ಪ ಮಾತು ತೇಲಿಸಿದ. ಫಿಲ್ಟರನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಕಣ್ಣಿಗೆ ಏರಿಸಿ, ಅವಳತ್ತ ತಿರುಗಿದ.

ಅವನ ಮುಖದ ಮುಂದೆ ಕಪ್ಪು ಗಾಜು ಬಂದದ್ದೇ ತಡ, ಯಾರೂ ಹೇಳದೆಯೇ ಅವಳು ಗಕ್ಕನೆ ಅಂಗಡಿಯ ಗೋಡೆಗೆ ಮುಖ ಮಾಡಿ ಕಣ್ಣು ಬಿಗಿಯಾಗಿ ಮುಚ್ಚಿ ನಿಂತುಬಿಟ್ಟಳು.

ಹಿಂದಿನಿಂದ ಅಪ್ಪನ ನಗು ಕೇಳಿತು. ಆಮೇಲೆ ಅವನ ದನಿ ಮೆತ್ತಗಾಯಿತು.

“ಈ ಕಡೆ ತಿರುಗೇ. ನನ್ನ ಹಳೇ ಗಾಜಲ್ಲಿ ಕಿಡಿ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಇದ್ರಲ್ಲಿ ನೀನು ಕಾಣ್ತೀಯ.”