ಹಿಡಿಕೆಯಿಲ್ಲದ ಬಾಗಿಲು

"ಒಳಗಿಂದ ತೆಗೀಲಿಕ್ಕೆ ಹಿಡಿಕೆ ಇಲ್ಲದ ಫ್ರೀಜರ್ ರೂಮು ನಾವು ಕಟ್ಟೋದಿಲ್ಲ." ಎಂಜಿನಿಯರಿಂಗ್ ಕಂಪನಿಯಿಂದ ಬಂದವಳು ನಕ್ಷೆಯನ್ನು ಮಡಚಿ ಹಿಂದಕ್ಕೆ ಕೊಟ್ಟಳು.

ಮೀನು ಫ್ಯಾಕ್ಟರಿಯ ಮಾಲೀಕನಿಗೆ ಉರಿದುಹೋಯಿತು. "ಹಿಡಿಕೆ ಇಟ್ರೆ ಒಳಗೆ ಹೋದವರು ಸಿಗಡಿ ಎತ್ಕೊಂಡು ಬೇಕಾದಾಗ ಹೊರಗೆ ಬರ್ತಾರೆ. ನೀವು ಬಂದು ಕಾಯ್ತೀರಾ?"

"ಯಾರಾದ್ರೂ ಒಳಗೆ ಸಿಕ್ಕಿಹಾಕಿಕೊಂಡ್ರೆ?"

"ನನ್ನ ಹಳೇ ರೂಮಿಗೂ ಹಿಡಿಕೆ ಇಲ್ಲ. ಯಾರು ಸತ್ತಿದ್ದಾರೆ? ಬನ್ನಿ, ತೋರಿಸ್ತೇನೆ."

ಹಳೇ ರೂಮಿನ ದಪ್ಪ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಹೆಂಗಸರ ನೀಲಿ ರಬ್ಬರ್ ಚಪ್ಪಲಿಯೊಂದು ಸಿಕ್ಕಿಕೊಂಡಿತ್ತು. ಅಲ್ಲಿಂದ ತಂಪು ಬಿಳಿ ಹೊಗೆಯಂತೆ ಹೊರಗೆ ಹರಿಯುತ್ತಿತ್ತು.

"ನೋಡಿ ಇವರ ಬುದ್ಧಿ! ಒಳಗೆ ಹೋಗುವಾಗ ಬಾಗಿಲು ಮುಚ್ಚದ ಹಾಗೆ ಕಾಲಿನದ್ದು ತೆಗೆದು ಸಿಕ್ಕಿಸಿ ಹೋಗ್ತಾರೆ. ಕರೆಂಟ್ ಬಿಲ್ಲು ಇವರ ಅಪ್ಪ ಕಟ್ತಾನಾ?"

ಆತ ಚಪ್ಪಲಿಯನ್ನು ಆಚೆಗೆ ಒದ್ದು, ಬಾಗಿಲನ್ನು ದಡಾರನೆ ಮುಚ್ಚಿ ಚಿಲಕ ಜಡಿದ.

"ಎಂತ ಆಯ್ತು ಈಗ? ಹೇಳಿ, ಎಂತ ಆಯ್ತು?"

ಅವಳು ಬಗ್ಗಿ ಆ ಚಪ್ಪಲಿಯನ್ನು ಕೈಗೆತ್ತಿಕೊಂಡಳು.

"ಇದರ ಜೋಡಿ ಎಲ್ಲಿ?"